ಫೀಲ್ಡ್ ಬಿಟ್ಟು ಪಿ.ಆರ್.ಗೆ ಯಾಕೆ ಹೋದ್ರಿ?

ಹನ್ನೊಂದು ವರ್ಷ ಒಂದು ಪರಿಹಾರ ಸಂಸ್ಥೆಯಲ್ಲಿದ್ದು ನೆರೆ, ಬರ, ಗುಡ್ಡ ಕುಸಿತ ಅಂತ ಊರೂರು ಅಲೆದವಳು ನಾನು. ಮೂರು ತಿಂಗಳ ಹಿಂದೆ ಅದೇ ಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿ ಸಾರ್ವಜನಿಕ ಸಂಪರ್ಕ ನಿರ್ದೇಶಕಿಯಾದೆ. ಆಮೇಲೆ ಈ ಪ್ರಶ್ನೆ ಕೇಳದೆ ಉಳಿದವರು ಇಬ್ಬರೇ: ಹಾಲಿನವನು ಮತ್ತು ನನ್ನ ಗಂಡ. ಗಂಡನಿಗೆ ಸಂಬಳ ಎಷ್ಟು ಅಂತ ಗೊತ್ತು, ಕೇಳುವ ಅಗತ್ಯ ಬಿದ್ದಿಲ್ಲ.

ಕೇಳುವ ಧಾಟಿಯಲ್ಲೂ ಬಗೆಬಗೆ ಇದೆ. ಮದುವೆ ಮನೆಯಲ್ಲಿ ಸಿಕ್ಕ ದೊಡ್ಡಪ್ಪ, "ಸೇವೆ ಬಿಟ್ಟು ಪ್ರಚಾರಕ್ಕೆ ಇಳಿದುಬಿಟ್ಯೇನಮ್ಮ?" ಅಂದರು. 'ಇಳಿದು' ಅನ್ನುವಾಗ ಹಪ್ಪಳ ಮುರಿದರು. ಹಳೆಯ ಸಹೋದ್ಯೋಗಿ, "ಇನ್ನೇನು, ಎ.ಸಿ. ರೂಮು" ಅಂದ. ಆ ರೂಮಿನ ಎ.ಸಿ. ಕೆಟ್ಟು ಎರಡು ವರ್ಷವಾಗಿದೆ ಅಂದರೆ ನಂಬಲಿಲ್ಲ.

ಇನ್ನು ಕೆಲವರಿಗೆ ಗಾದೆ ಬೇಕು. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದಂತೆ. ಸ್ವಾಮಿ, ಎಡಗೈಗೆ ಗೊತ್ತಾಗದಿದ್ದರೆ ಆಡಿಟರ್ ಬಿಡುವುದಿಲ್ಲ. ಕಂಪನಿಗಳು ಸಾಮಾಜಿಕ ಹೊಣೆ ಅಂತ ಕೊಡುವ ಸಿ.ಎಸ್.ಆರ್. ದುಡ್ಡಿಗೆ ಬಳಕೆ ಪ್ರಮಾಣಪತ್ರ ಕೊಡಬೇಕು, ತೆರಿಗೆ ವಿನಾಯಿತಿಯ ರಸೀದಿ ಕೇಳುವುದರಲ್ಲಿ ಗಾದೆ ಹೇಳಿದವರೇ ಮೊದಲಿಗರು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಆ ಹಣದಲ್ಲಿ ಆಡಳಿತ ವೆಚ್ಚ ಶೇಕಡಾ 20 ದಾಟುವಂತಿಲ್ಲ, ಮೊದಲು 50 ಇತ್ತು. ನನ್ನಂಥವರನ್ನು ಲೆಕ್ಕದಲ್ಲಿ ಬರೆಯುವುದು ಆಡಳಿತದ ಕಡೆಗೇ. ಅಂದರೆ ನಾನು ಸಂತ್ರಸ್ತರ ಪಾಲು ತಿನ್ನುತ್ತಿದ್ದೇನೆ ಅಂತ ಹೇಳಬೇಕಿದ್ದವರು ಇನ್ನು ಸುಮ್ಮನಾಗಬಹುದು. ಅವರಿಗಿಂತ ಮುಂಚೆ ಸರ್ಕಾರವೇ ಅಳತೆ ಮಾಡಿದೆ.

"ಒಳ್ಳೆ ಕೆಲಸ ತಾನಾಗೇ ಮಾತಾಡುತ್ತೆ" ಅನ್ನುವವರೂ ಇದ್ದಾರೆ. ಮಾತಾಡುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಪಟ್ಟದಕಲ್ಲಿನ ದೇವಸ್ಥಾನಗಳ ನಡುವೆ ನೀರು ನಿಂತದ್ದನ್ನು ಎಲ್ಲ ಟಿ.ವಿ.ಗಳೂ ತೋರಿಸಿದವು. ಅದೇ ಹೊಳೆಯ ದಂಡೆಯ ಇನ್ನೊಂದು ಊರಿನಲ್ಲಿ, ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರದಲ್ಲಿ, ಸುಮಾರು ಮುನ್ನೂರು ಜನರ ಜೊತೆ ನಾವಿದ್ದೆವು. ಶೌಚಾಲಯ ಎರಡು, ಅದರಲ್ಲೊಂದಕ್ಕೆ ಬಾಗಿಲಿಲ್ಲ. ಪರಿಹಾರ ಕೆಲಸದವರು ಹಿಡಿದುಕೊಂಡು ಓಡಾಡುವ ಸ್ಫಿಯರ್ ಕೈಪಿಡಿಯ ಪ್ರಕಾರ ಮೊದಮೊದಲು 50 ಜನರಿಗೊಂದು, ಆದಷ್ಟು ಬೇಗ 20 ಜನರಿಗೊಂದು ಶೌಚಾಲಯ ಆಗಬೇಕು. ಹೆಂಗಸರು ಕತ್ತಲಾಗಲಿ ಅಂತ ಕಾಯುತ್ತಿದ್ದರು, ಅದಕ್ಕೇ ಮಧ್ಯಾಹ್ನದ ಮೇಲೆ ನೀರು ಕುಡಿಯುತ್ತಿರಲಿಲ್ಲ. ಆದರೆ ಲಾರಿಗಟ್ಟಲೆ ಬರುತ್ತಿದ್ದದ್ದು ಬಿಸ್ಕತ್ತು, ಹಳೇ ಬಟ್ಟೆ. ಒಂದು ಮೂಟೆಯಲ್ಲಿ ಮೂರು ಕೋಟು ಟೈ ಸಮೇತ ಸಿಕ್ಕಿದವು.

ತಾತ್ಕಾಲಿಕ ಶೌಚಾಲಯಕ್ಕೆ ದುಡ್ಡು ಬೇಕು ಅಂತ ದಾನಿಗಳಿಗೆ ಬರೆದೆ. ಯಾರೂ ಕೊಡಲಿಲ್ಲ. "ಫೋಟೋ ಇದ್ರೆ ಕಳಿಸಿ ಮೇಡಂ" ಅಂದರು. ಬಾಗಿಲಿಲ್ಲದ ಶೌಚಾಲಯದ್ದು ಕಳಿಸಿದೆ. "ಜನ ಇರೋದು ಇಲ್ವಾ?"

ಆ ಹೊತ್ತಿಗೆ ಅಡುಗೆ ಒಲೆಯ ಹತ್ತಿರ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೊಬೈಲ್ ತೆಗೆದೆ, ಒತ್ತಿದೆ, ಕಳಿಸಿದೆ. ಕೆಳಗೆ 'ಮಲಪ್ರಭಾ ನೆರೆಯಲ್ಲಿ ಮನೆ ಕಳೆದುಕೊಂಡ ಅಜ್ಜಿ' ಅಂತ ಬರೆದೆ. ಒಂದಕ್ಷರ ಸುಳ್ಳಿರಲಿಲ್ಲ. ಎರಡೇ ದಿನದಲ್ಲಿ ದುಡ್ಡು ಬಂತು, ವಾರದೊಳಗೆ ಎಂಟು ಶೌಚಾಲಯ ನಿಂತವು. ಆ ಫೋಟೋ ನಮ್ಮ 2020ರ ಕ್ಯಾಲೆಂಡರಿಗೂ ಹೋಯಿತು, ಆಗಸ್ಟ್ ಪುಟಕ್ಕೆ.

ಸಂಕ್ರಾಂತಿ ಹೊತ್ತಿಗೆ ಆ ಊರಿಗೆ ಹೋದಾಗ ಹೆಮ್ಮೆಯಿಂದ ಕ್ಯಾಲೆಂಡರ್ ಬಿಚ್ಚಿ ತೋರಿಸಿದೆ. ಅಜ್ಜಿ ಬಹಳ ಹೊತ್ತು ನೋಡಿದಳು.

"ನಾ ಎಂದ ಅತ್ತೀನಿ ತಂಗಿ? ಹಸಿ ಕಟ್ಟಿಗಿ ಹೊಗಿ ಅದು. ಹರಕ ಸೀರಿ ಬ್ಯಾರೆ. ನಮ್ಮ ಬೀಗರು ನೋಡಿದ್ರ ಏನ ತಿಳ್ಕೋಬೇಕು?"

ಮನೆ ಹೋದಾಗಲೂ ಆಕೆ ಅತ್ತಿರಲಿಲ್ಲವಂತೆ. ಬೀಗರ ಮುಂದೆ ಅಳಿಸಿದವಳು ನಾನು.

1994ರಲ್ಲಿ ರೆಡ್ ಕ್ರಾಸ್ ಮತ್ತು ಇತರ ಪರಿಹಾರ ಸಂಸ್ಥೆಗಳು ಸೇರಿ ರೂಪಿಸಿದ ಒಂದು ನೀತಿ ಸಂಹಿತೆಯಿದೆ. ಅದರ ಹತ್ತನೆಯ ಮತ್ತು ಕೊನೆಯ ಅಂಶ ಪ್ರಚಾರದ ಬಗ್ಗೆಯೇ. ವಿಪತ್ತಿಗೆ ಸಿಕ್ಕವರನ್ನು ಘನತೆಯುಳ್ಳ ಮನುಷ್ಯರಾಗಿ ಕಾಣಬೇಕು, ದಿಕ್ಕಿಲ್ಲದ ವಸ್ತುಗಳ ಹಾಗೆ ತೋರಿಸಬಾರದು ಅನ್ನುತ್ತದೆ. ಹೊಸ ಹುಡುಗರಿಗೆ ತರಬೇತಿ ಕೊಡುವಾಗ ಅದನ್ನು ನಾನೇ ಬೋರ್ಡ್ ಮೇಲೆ ಬರೆಸುತ್ತಿದ್ದೆ.

ನನ್ನನ್ನು ಯಾರಾದರೂ ಕೇಳಬೇಕಿದ್ದದ್ದು ಇದು: ಆ ಫೋಟೋ ಹಾಕುವ ಮುಂಚೆ ಯಾರನ್ನು ಕೇಳಿದಿರಿ? ಈ ಹನ್ನೊಂದು ವರ್ಷದಲ್ಲಿ ದಾನಿಗಳು ಕೇಳಲಿಲ್ಲ, ಪತ್ರಕರ್ತರು ಕೇಳಲಿಲ್ಲ, ದೊಡ್ಡಪ್ಪನಂತೂ ಕೇಳಲಿಲ್ಲ. ಕೇಳಿದ್ದರೆ ತಡವರಿಸುತ್ತಿದ್ದೆ. ಯಾಕೆಂದರೆ ಅಜ್ಜಿಯನ್ನು ಕೇಳಿಕೊಂಡು ಕೂತಿದ್ದರೆ ಆಕೆ ಬೇಡ ಅನ್ನುತ್ತಿದ್ದಳು, ಶೌಚಾಲಯ ಇನ್ನೂ ಹದಿನೈದು ದಿನ ತಡವಾಗುತ್ತಿತ್ತು. ಇವತ್ತು ಅದೇ ಪರಿಸ್ಥಿತಿ ಬಂದರೆ ಆ ಗುಂಡಿ ಒತ್ತುವುದಿಲ್ಲ ಅಂತ ಎದೆ ತಟ್ಟಿ ಹೇಳಲಾರೆ. ಆದರೆ ಫೀಲ್ಡಿನಿಂದ ನೂರು ಫೋಟೋ ಬಂದರೆ ತೊಂಬತ್ತನ್ನು ಒಳಗೇ ಇಟ್ಟುಕೊಳ್ಳುವ ಅಧಿಕಾರ ಇರುವುದು ಈ ಕುರ್ಚಿಗೆ. ಅದಕ್ಕೇ ಬಂದೆ. ಸಂಬಳಕ್ಕೂ ಬಂದೆ, ಮಗಳ ಕಾಲೇಜು ಫೀಸು ಗೊತ್ತಿದ್ದವರು ಆ ಮಾತೆತ್ತುವುದಿಲ್ಲ.

ಪೂರ್ತಿ ಬಿದ್ದ ಮನೆಗೆ ಸರ್ಕಾರ ಆಗ 5 ಲಕ್ಷ ಘೋಷಿಸಿತ್ತು, ಕಂತಿನಲ್ಲಿ. ಕಂತು ಕಾದು ಕಾದು ಅಜ್ಜಿಯ ಮನೆ ಅಂತೂ ಎದ್ದಿತು. ಹೋದ ತಿಂಗಳು ಆಕೆಯೇ ಫೋನ್ ಮಾಡಿಸಿ ಕರೆಸಿದಳು: "ಈಗ ತಗಿ ಫೋಟೋ. ಬೀಗರಿಗೊಂದು ಕಳಸು." ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಹೊಸ್ತಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು. ನಗು ಅಂದರೆ ನಗಲಿಲ್ಲ.

ಆಕೆಯನ್ನು ಕೇಳಿಯೇ ಆ ಫೋಟೋವನ್ನು ಈ ಸಲದ ವಾರ್ಷಿಕ ವರದಿಯ ಮುಖಪುಟಕ್ಕೆ ಇಟ್ಟೆ. ನಮ್ಮ ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು.

"ಚೆನ್ನಾಗಿದೆ. ಆದ್ರೆ ಇವರಿಗೆ ಕಷ್ಟ ಏನು ಅಂತ ಗೊತ್ತಾಗ್ತಿಲ್ಲವಲ್ಲ?"

ಸೋಮವಾರ ಮತ್ತೆ ಮೀಟಿಂಗ್ ಇದೆ.