ಕನ್ನಡಿ ಅಂದ, ಕಿಟಕಿ ನೇತುಹಾಕಿದ

ಈ ವಾರ ಗೆಳೆಯನೊಬ್ಬನ ಮನೆಯಲ್ಲಿ ಕೇಳಿದ ಮಾತು ತಲೆಯಿಂದ ಇಳಿಯುತ್ತಲೇ ಇಲ್ಲ. ತಿಂಗಳುಗಟ್ಟಲೆ ಕೂತು ಮಾಡಿದ ಅವನ ಸ್ಮಾರ್ಟ್ ಕನ್ನಡಿ ಗೋಡೆ ಏರಿತ್ತು. ಮುಂದೆ ಅರ್ಧ ಬೆಳಕು ಪ್ರತಿಫಲಿಸಿ ಅರ್ಧ ಹಾಯಬಿಡುವ ಟೂ-ವೇ ಕನ್ನಡಿ, ಹಿಂದೆ ಮಾನಿಟರು, ಅದನ್ನು ನಡೆಸಲು ಒಂದು ಪುಟ್ಟ ಕಂಪ್ಯೂಟರ್ ಬೋರ್ಡು. ಗಂಟೆ, ತಾರೀಕು, ಹವಾಮಾನ, ಕ್ಯಾಲೆಂಡರು, ಎಲ್ಲ ಬಿಳಿ ಅಕ್ಷರದಲ್ಲಿ. ಅವನ ಅಮ್ಮ ಅದರ ಮುಂದೆ ನಿಂತು, "ಕನ್ನಡಿ ಮಾಡ್ತೀನಿ ಅಂದ, ಕಿಟಕಿ ತಂದು ನೇತುಹಾಕಿದಾನೆ ನೋಡಪ್ಪ. ರಾತ್ರಿ ಎದ್ರೆ ಆ ಕಡೆ ರೂಮಲ್ಲಿ ಯಾರೋ ಲೈಟ್ ಹಾಕಿದ ಹಾಗಿರುತ್ತೆ" ಅಂದರು.

ಅವನು ನಕ್ಕು, "ಅಮ್ಮಂಗೆ ಇದೆಲ್ಲ ಗೊತ್ತಾಗಲ್ಲ, ಒಳಗಿರೋದು 8 ಜಿಬಿ ಬೋರ್ಡು" ಅಂದ.

ಗೊತ್ತಾಗದೆ ಇದ್ದದ್ದು ಅಮ್ಮನಿಗಲ್ಲ. ಲೈಟ್ ಆರಿಸಿ ನೋಡಿದರೆ ಅವರು ಹೇಳಿದ್ದೇ ಸರಿ. ಅಕ್ಷರಗಳ ಹಿಂದೆ ಬೂದು ಬಣ್ಣದ ಒಂದು ಆಯತ, ನಾಲ್ಕೂ ಅಂಚು ಸ್ಪಷ್ಟ, ಕೆಳಗಿನ ಎಡ ಮೂಲೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ಬೆಳ್ಳಗೆ. ನಿಜಕ್ಕೂ ಅರ್ಧ ತೆರೆದ ಕಿಟಕಿ. ಆ ಬೂದು ಚೌಕಕ್ಕೂ 8 ಜಿಬಿಗೂ ಸಂಬಂಧವೇ ಇಲ್ಲ.

ಲೆಕ್ಕ ಸರಳ. ಸಾಮಾನ್ಯ ಮಾನಿಟರಿನ ಬೆಳಕು 250 ನಿಟ್ಸ್ ಅಂತಿಟ್ಟುಕೊಳ್ಳಿ (ನಿಟ್ಸ್ ಅಂದರೆ ಪರದೆಯ ಹೊಳಪಿನ ಅಳತೆ). ಐಪಿಎಸ್, ವಿಎ, ಟಿಎನ್ ಅನ್ನುವುವು ಎಲ್‌ಸಿಡಿ ಪರದೆಯ, ಅಂದರೆ ಪ್ಯಾನೆಲ್ಲಿನ ಬಗೆಗಳು. ಐಪಿಎಸ್ ಪ್ಯಾನೆಲ್ಲಿನ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ, ಸುಮಾರು 1000ಕ್ಕೆ 1. ಅಂದರೆ ಅದು ಕಪ್ಪು ಅಂತ ತೋರಿಸುವ ಜಾಗದಲ್ಲೂ 0.25 ನಿಟ್ಸ್ ಸೋರುತ್ತಿರುತ್ತದೆ. ಮುಂದಿರುವ ಗಾಜು ಶೇ. 30ರಷ್ಟು ಬೆಳಕು ಬಿಡುವಂಥದ್ದಾದರೆ ಬಿಳಿ ಅಕ್ಷರ 75 ನಿಟ್ಸ್ ಆಗಿ, 'ಕಪ್ಪು' 0.075 ನಿಟ್ಸ್ ಆಗಿ ಹೊರಬರುತ್ತದೆ. ದೀಪ ಉರಿಯುವ ಕೋಣೆಯಲ್ಲಿ ಆ 0.075 ಯಾರ ಕಣ್ಣಿಗೂ ಬೀಳುವುದಿಲ್ಲ. ಕತ್ತಲಿಗೆ ಹೊಂದಿಕೊಂಡ, ನಿದ್ದೆಯಿಂದ ಎದ್ದ ಕಣ್ಣಿಗೆ ಅದು ದೊಡ್ಡ ಬೆಳಕು. ವಿಎ ಪ್ಯಾನೆಲ್ಲಿನಲ್ಲಿ ಕಾಂಟ್ರಾಸ್ಟ್ 3000ಕ್ಕೆ 1ರ ಆಸುಪಾಸು ಇರುವುದರಿಂದ ಸೋರಿಕೆ ಮೂರನೇ ಒಂದಕ್ಕೆ ಇಳಿಯುತ್ತದೆ. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿಯಲ್ಲಿ ಕಪ್ಪು ಅಂದರೆ ಕಪ್ಪೇ, ಆದರೆ ಕನ್ನಡಿಯಲ್ಲಿ ಗಡಿಯಾರ ದಿನವಿಡೀ ಒಂದೇ ಜಾಗದಲ್ಲಿ ಇರುತ್ತದಲ್ಲ, ಕೆಲ ಕಾಲದ ಮೇಲೆ ಅಂಕಿಗಳ ನೆರಳು ಪರದೆಯಲ್ಲೇ ಅಚ್ಚೊತ್ತಿ ಉಳಿಯುತ್ತದೆ. ಇಂಥ ಕೆಲಸಕ್ಕೆ ವಿಎ ಒಳ್ಳೆಯದು, ಐಪಿಎಸ್ ನಡೆಯುತ್ತದೆ, ಟಿಎನ್ ಬೇಡವೇ ಬೇಡ. ಟಿಎನ್ ಪ್ಯಾನೆಲ್ಲಿನ ದೋಷ ಮೇಲೆ ಕೆಳಗಿನ ಕೋನದಲ್ಲಿರುತ್ತದೆ. ಕನ್ನಡಿಗಾಗಿ ಅದನ್ನು ಉದ್ದಕ್ಕೆ ತಿರುಗಿಸಿದಾಗ ಆ ದೋಷ ಎಡಬಲಕ್ಕೆ ಬರುತ್ತದೆ. ಎರಡು ಕಣ್ಣಿಗೂ ಬಣ್ಣ ಬೇರೆ ಬೇರೆ ಕಂಡು ತಲೆನೋವು.

ಆದರೆ ಪ್ಯಾನೆಲ್ ಎರಡನೆಯ ಮಾತು. ಮೊದಲು ನೋಡಬೇಕಾದದ್ದು ಗೋಡೆ. ಕನ್ನಡಿ ನಿಲ್ಲುವ ಜಾಗದಲ್ಲಿ ಎದುರಿನಿಂದ ಎಷ್ಟು ಬೆಳಕು ಬೀಳುತ್ತದೆ ಅನ್ನುವುದು ಗಾಜನ್ನು ತೀರ್ಮಾನಿಸುತ್ತದೆ, ಗಾಜು ಪ್ಯಾನೆಲ್ಲನ್ನು ತೀರ್ಮಾನಿಸುತ್ತದೆ. ಎದುರಿಗೇ ದೊಡ್ಡ ಕಿಟಕಿ ಇರುವ ಗೋಡೆಯಲ್ಲಿ ಹೊರಗಿನ ಬೆಳಕೆಲ್ಲ ಗಾಜಿನಲ್ಲಿ ಮೂಡಿ ಅಕ್ಷರಗಳನ್ನು ನುಂಗಿಬಿಡುತ್ತದೆ. ಅಲ್ಲಿ 250 ನಿಟ್ಸ್ ಸಾಲುವುದಿಲ್ಲ.

ಟೂ-ವೇ ಕನ್ನಡಿ ಕೊಳ್ಳುವಾಗ 70/30 ಅಂತ ಬರೆದಿರುತ್ತಾರೆ. ಯಾವುದು 70 ಅಂತ ಕೇಳಲೇಬೇಕು. ಕೆಲವರು ಪ್ರತಿಫಲನವನ್ನು ಮೊದಲು ಬರೆಯುತ್ತಾರೆ, ಕೆಲವರು ಒಳಗಿನಿಂದ ಹಾಯುವ ಬೆಳಕನ್ನು. ಪ್ರತಿಫಲನ 70, ಹಾಯುವುದು 30 ಇದ್ದರೆ ಮುಖವೂ ಕಾಣುತ್ತದೆ, ಅಕ್ಷರವೂ ಕಾಣುತ್ತದೆ. ಅದು ತಿರುಗುಮುರುಗಾಗಿದ್ದರೆ ಅಕ್ಷರ ಹೊಳೆಯುತ್ತದೆ, ಜೊತೆಗೆ ಮಾನಿಟರಿನ ಅಂಚು, ಒಳಗಿನ ವೈರು, ಮರದ ಚಕ್ಕೆ ಎಲ್ಲವೂ. ವಿಚಾರಣೆ ಕೋಣೆಗಳಿಗೆ ಹಾಕುವ ಗಾಢ ಗಾಜು ಇದಕ್ಕೆ ಆಗಿಬರುವುದಿಲ್ಲ, ಅಷ್ಟು ಕಡಿಮೆ ಬೆಳಕು ಬಿಡುವ ಗಾಜಿನ ಹಿಂದೆ ಮಾಮೂಲಿ ಮಾನಿಟರ್ ಸತ್ತಂತೆ ಕಾಣುತ್ತದೆ. ಹಳೆ ಕನ್ನಡಿಯ ಹಿಂದಿನ ಬಣ್ಣ ಕೆರೆದು ನೋಡುವವರೂ ಇದ್ದಾರೆ. ಬಣ್ಣದ ಜೊತೆ ಬೆಳ್ಳಿಯೂ ಎದ್ದುಬಂದು ಬರೀ ಗಾಜು ಉಳಿಯುತ್ತದೆ.

ಗೆಳೆಯ ಕೊಂಡದ್ದು 3 ಮಿ.ಮೀ. ಅಕ್ರಿಲಿಕ್, 70 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ. ಬೋರ್ಡಿಗೆ ಮೂರು ವಾರ ತಲೆ ಕೆಡಿಸಿಕೊಂಡವನು ಇದನ್ನು ಐದು ನಿಮಿಷದಲ್ಲಿ ಆರಿಸಿದ್ದ. ಅಷ್ಟು ದೊಡ್ಡ ಹಾಳೆ ಅಷ್ಟು ತೆಳ್ಳಗಿದ್ದರೆ ನಡುವೆ ಬಾಗುತ್ತದೆ. ಅಮ್ಮನ ಇನ್ನೊಂದು ದೂರು ಅದೇ, "ಇದರಲ್ಲಿ ನನ್ನ ಮುಖ ಒಂದೊಂದು ಸಲ ಒಂದೊಂದು ಥರ." ಕನ್ನಡಿಯಲ್ಲಿ ಒಂದು ಮಿಲಿಮೀಟರ್ ಬಾಗಿದರೂ ಕಣ್ಣು ಹಿಡಿದುಬಿಡುತ್ತದೆ. ಅಕ್ರಿಲಿಕ್ಕೇ ಬೇಕೆಂದರೆ 5 ಅಥವಾ 6 ಮಿ.ಮೀ. ಇರಲಿ, ಸುತ್ತಲೂ ಫ್ರೇಮಿನ ತುಟಿಗೆ ಒತ್ತಿ ಕೂರಲಿ. ಗಾಜಾದರೆ 4 ಮಿ.ಮೀ. ಸಾಕು. ಅದೇ ಅಳತೆಯ 4 ಮಿ.ಮೀ. ಗಾಜು ಸುಮಾರು 3.15 ಕಿಲೋ ತೂಗುತ್ತದೆ, ಅಕ್ರಿಲಿಕ್ ಒಂದೂವರೆ ಕಿಲೋ. ತೂಕ ಗೋಡೆಯ ಮೊಳೆಯ ಚಿಂತೆ, ಅದನ್ನು ಮುಖಕ್ಕೆ ಹೊರಿಸಬಾರದು. ಇನ್ನೊಂದು, ಅಕ್ರಿಲಿಕ್ಕನ್ನು ಅಮೋನಿಯಾ ಇರುವ ಗಾಜಿನ ಕ್ಲೀನರಿನಿಂದಲೋ ಸ್ಪಿರಿಟ್‌ನಿಂದಲೋ ಒರೆಸಿದರೆ ಮೈಮೇಲೆಲ್ಲ ಸಣ್ಣ ಸಣ್ಣ ಬಿರುಕು ಏಳುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಮನೆಯಲ್ಲಿ ಕನ್ನಡಿ ಒರೆಸುವವರಿಗೆ ಇದನ್ನು ಮೊದಲೇ ಹೇಳಬೇಕು. ಹೇಳುವುದಿಲ್ಲ, ಆಮೇಲೆ ಅವರ ಮೇಲೆ ರೇಗುತ್ತಾರೆ.

ಗಾಜನ್ನು ಕನ್ನಡಿಯಾಗಿಸುವ ಲೇಪ ಯಾವ ಬದಿಗಿದೆ ಅಂತ ತಿಳಿಯಲು ಪೆನ್ಸಿಲ್ಲಿನ ತುದಿಯನ್ನು ಮೆಲ್ಲಗೆ ತಾಗಿಸಿ ನೋಡಿ. ತುದಿಗೂ ಅದರ ಬಿಂಬಕ್ಕೂ ನಡುವೆ ಜಾಗ ಇಲ್ಲದಿದ್ದರೆ ಲೇಪ ನಿಮ್ಮ ಕಡೆಗಿದೆ. ಅಂತರ ಕಂಡರೆ ಆ ಕಡೆಗಿದೆ. ಲೇಪ ಹೊರಗಿದ್ದರೆ ಬಿಂಬ ಚೊಕ್ಕಟ, ಆದರೆ ಬೆರಳು ಮತ್ತು ಬಟ್ಟೆಗೆ ಅದು ನೇರ ಸಿಗುತ್ತದೆ. ಒಳಗಿದ್ದರೆ ಲೇಪ ಸುರಕ್ಷಿತ, ಬಿಂಬಕ್ಕೆ ಮಾತ್ರ ತೆಳುವಾದ ಜೋಡಿ ಗೆರೆ ಬರಬಹುದು. ಮಕ್ಕಳಿರುವ ಮನೆಯಲ್ಲಿ ಒಳಗೇ ಇರಲಿ. ಲೇಪ ಯಾವ ಕಡೆಗಿದ್ದರೂ ಪ್ಯಾನೆಲ್ ಮಾತ್ರ ಗಾಜಿಗೆ ಅಂಟಿಕೊಂಡಂತೆ ಇರಬೇಕು. ನಡುವೆ ಸಂದು ಬಿಟ್ಟರೆ ಅಕ್ಷರ ಗಾಜಿನ ಹಿಂದೆ ಎಲ್ಲೋ ಆಳದಲ್ಲಿ ತೇಲುತ್ತದೆ. ಅದಕ್ಕೇ ಮಾನಿಟರಿನ ಮುಂದಿನ ಪ್ಲಾಸ್ಟಿಕ್ ಚೌಕಟ್ಟು ತೆಗೆಯುವುದು. ಪ್ಯಾನೆಲ್ ಮುಚ್ಚದ ಜಾಗಕ್ಕೆಲ್ಲ ಹೊಳಪಿಲ್ಲದ ಕಪ್ಪು ಕಾಗದ. 24 ಇಂಚಿನ ಮಾನಿಟರಿನ ಪರದೆ ಸುಮಾರು 53 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. 70ಕ್ಕೆ 45ರ ಗಾಜಿನಲ್ಲಿ ಸುತ್ತ ಏಳೆಂಟು ಸೆಂ.ಮೀ. ಉಳಿಯುತ್ತದೆ. ಅಷ್ಟೂ ಕಪ್ಪಾಗಬೇಕು, ಇಲ್ಲವಾದರೆ ಆ ಕಿಟಕಿಗೆ ಚೌಕಟ್ಟನ್ನೂ ನಾವೇ ಕಟ್ಟಿಕೊಟ್ಟಂತೆ.

ಮಾನಿಟರ್ ಆರಿಸುವಾಗ ಯಾರೂ ನೋಡದ ಮೂರು ಸಂಗತಿ ಇವೆ. ಹಿಂದಿನ ಎಚ್‌ಡಿಎಂಐ ಕಿಂಡಿ ಕೆಳಮುಖವಾಗಿದೆಯೋ ನೇರ ಹಿಂದಕ್ಕೋ? ಹಿಂದಕ್ಕಿದ್ದರೆ ಕೇಬಲ್ ಬಾಗಲು ಜಾಗ ಬೇಕು, ಫ್ರೇಮು ಗೋಡೆಯಿಂದ ಅಷ್ಟು ಮುಂದೆ ಬರುತ್ತದೆ. ಎರಡನೆಯದು, ಕರೆಂಟ್ ಹೋಗಿ ಬಂದರೆ ಮಾನಿಟರ್ ತಾನಾಗಿ ಹತ್ತಿಕೊಳ್ಳುತ್ತದೆಯೋ ಇಲ್ಲವೋ. ಕೆಲವಕ್ಕೆ ಬಟನ್ ಒತ್ತಲೇಬೇಕು, ಆ ಬಟನ್ ಈಗ ಫ್ರೇಮಿನ ಒಳಗೆ. ಕೊಳ್ಳುವ ಮೊದಲೇ ಪ್ಲಗ್ ಕಿತ್ತು ಹಾಕಿ ನೋಡಿದರೆ ಗೊತ್ತಾಗುತ್ತದೆ. ಮೂರನೆಯದು, ಸಿಗ್ನಲ್ ನಿಂತಾಗ ಅದು ಸುಮ್ಮನೆ ಮಲಗುತ್ತದೆಯೋ, ಇಲ್ಲ 'ಸಿಗ್ನಲ್ ಇಲ್ಲ' ಅಂತ ಪೆಟ್ಟಿಗೆಯೊಂದನ್ನು ಪರದೆ ತುಂಬ ಓಡಾಡಿಸುತ್ತದೆಯೋ. ಹಳೆ ಟೀವಿಗಳಲ್ಲಿ ಈ ಚಾಳಿ ಜಾಸ್ತಿ. ಹಳೆ ಲ್ಯಾಪ್‌ಟಾಪಿನ ಪ್ಯಾನೆಲ್ ಬಳಸುವವರು ಅದರ ಹಿಂದಿನ ಮಾಡೆಲ್ ನಂಬರನ್ನು ಪೂರ್ತಿ ಓದಿಕೊಂಡು ಅದಕ್ಕೇ ಹೊಂದುವ ಕಂಟ್ರೋಲರ್ ಬೋರ್ಡ್ ತರಬೇಕು. ಇಂಚು ಒಂದೇ ಇದ್ದರೂ ಕನೆಕ್ಟರ್ ಬೇರೆ ಇರುತ್ತದೆ. ತೀರಾ ಹಳೆಯದಾದರೆ ಹಿಂದೆ ಟ್ಯೂಬ್ ದೀಪ ಇರುತ್ತದೆ, ಅದರ ಇನ್ವರ್ಟರಿನಲ್ಲಿ ನೂರಾರು ವೋಲ್ಟ್. ಅದನ್ನು ಮುಟ್ಟುವ ಸಾಹಸ ಬೇಡ.

ಮತ್ತೆ ಅಮ್ಮನ ಮಾತಿಗೇ ಬರುತ್ತೇನೆ. "ಯಾರೋ ಲೈಟ್ ಹಾಕಿದ ಹಾಗೆ." ರಾತ್ರಿ ಯಾರೂ ಎದುರಿಗಿಲ್ಲದಾಗ ಪರದೆ ಆರಿರಬೇಕಲ್ಲ? ಸೆನ್ಸರ್ ಇತ್ತು. ಎಚ್‌ಸಿ-ಎಸ್‌ಆರ್501, ಬಿಳಿ ಗುಮ್ಮಟದ ಪಿಐಆರ್, ಅಂದರೆ ಎದುರು ಓಡಾಡುವವರ ಮೈಶಾಖವನ್ನು ಗುರುತಿಸುವಂಥದ್ದು. ಅದನ್ನು ಗಾಜಿನ ಹಿಂದೆ ಅಡಗಿಸಿಟ್ಟಿದ್ದ. ಅದಕ್ಕೆ ಯಾರೂ ಕಾಣುತ್ತಿರಲಿಲ್ಲ, ಪರದೆ ಏಳುತ್ತಲೇ ಇರಲಿಲ್ಲ. ಬೇಸತ್ತು ಸೆನ್ಸರನ್ನೇ ಕಿತ್ತು ಪರದೆಯನ್ನು ಇಪ್ಪತ್ನಾಲ್ಕು ಗಂಟೆ ಉರಿಯಲು ಬಿಟ್ಟಿದ್ದ. "ರಿಮೋಟಿನ ಇನ್‌ಫ್ರಾರೆಡ್ ಗಾಜಿನಲ್ಲಿ ಹಾಯುತ್ತಲ್ಲ, ಇದ್ಯಾಕೆ ಹಾಯಲ್ಲ?" ಅನ್ನುವುದು ಅವನ ವಾದ. ಪ್ರಶ್ನೆ ಒಳ್ಳೆಯದೇ. ರಿಮೋಟಿನ ಕಿರಣದ ತರಂಗದ ಉದ್ದ ಸುಮಾರು 0.94 ಮೈಕ್ರಾನ್, ಅದಕ್ಕೆ ಗಾಜು ಪಾರದರ್ಶಕ. ಮೈಯ ಶಾಖದ ಕಿರಣ 10 ಮೈಕ್ರಾನಿನ ಆಸುಪಾಸು, ಅದಕ್ಕೆ ಗಾಜೂ ಅಕ್ರಿಲಿಕ್ಕೂ ಇಟ್ಟಿಗೆ ಗೋಡೆ ಇದ್ದಂತೆ. ಪಿಐಆರ್ ಕಣ್ಣು ಹೊರಗೇ ಇರಬೇಕು. ಫ್ರೇಮಿನ ಕೆಳಪಟ್ಟಿಯಲ್ಲಿ ಗುಮ್ಮಟದ ಅಳತೆಗೆ ಒಂದು ತೂತು, ಅಷ್ಟೇ ಕೆಲಸ. ಅದಕ್ಕೆ 5 ವೋಲ್ಟ್ ಕೊಟ್ಟರೂ ಹೊರಬರುವ ಸಿಗ್ನಲ್ 3.3 ವೋಲ್ಟಿನದು, ನೇರವಾಗಿ ಕನ್ನಡಿಯನ್ನು ನಡೆಸುವ ಬೋರ್ಡಿಗೆ, ಅಂದರೆ ರಾಸ್ಪ್‌ಬೆರಿ ಪೈಗೆ ಸೇರಿಸಬಹುದು. ಹತ್ತಿಸಿದ ಮೇಲೆ ಒಂದು ನಿಮಿಷ ಅದು ಮನಸ್ಸಿಗೆ ಬಂದಂತೆ ಮಿಡಿಯುತ್ತದೆ, ಗಾಬರಿ ಬೇಡ. ವೈಫೈ ಆಂಟೆನಾದ ಪಕ್ಕದಲ್ಲೇ ಇಟ್ಟರೆ ಯಾರೂ ಇಲ್ಲದೆಯೂ ಎಚ್ಚರಗೊಳ್ಳುತ್ತದೆ, ಒಂದು ಗೇಣು ದೂರವಿಡಿ.

ತೂತು ಕೊರೆಯಲು ಮನಸ್ಸಿಲ್ಲದವರು ಆರ್‌ಸಿಡಬ್ಲ್ಯುಎಲ್-0516ರಂಥ ಮೈಕ್ರೋವೇವ್ ಸೆನ್ಸರ್ ಹಾಕುತ್ತಾರೆ. ಅದು ಮರ, ಗಾಜು ದಾಟುತ್ತದೆ. ಗೋಡೆಯನ್ನೂ ದಾಟುತ್ತದೆ, ಪಕ್ಕದ ಕೋಣೆಯಲ್ಲಿ ಮಗ್ಗುಲು ಬದಲಿಸಿದರೂ ಕನ್ನಡಿ ಹತ್ತಿಕೊಳ್ಳಬಹುದು. ಗಾಜಿನ ಲೋಹದ ಲೇಪ ಮಾತ್ರ ಅದಕ್ಕೆ ಅಡ್ಡ.

ಬೋರ್ಡಿನ ಬಗ್ಗೆ ಹೇಳಲು ಇಷ್ಟೇ. ಇಂಥ ಕನ್ನಡಿಗಳಿಗೆಂದು ಮೈಕಲ್ ಟ್ಯೂ 2014ರಲ್ಲಿ ಶುರು ಮಾಡಿದ ಮ್ಯಾಜಿಕ್ ಮಿರರ್ ತಂತ್ರಾಂಶ ಎಲೆಕ್ಟ್ರಾನ್ ಅನ್ನುವ ಇನ್ನೊಂದು ತಂತ್ರಾಂಶದ ಮೇಲೆ ಓಡುತ್ತದೆ, ಅಂದರೆ ಒಂದು ಬ್ರೌಸರ್ ತೆರೆದಿಟ್ಟಂತೆ. ಗಡಿಯಾರ, ಹವಾಮಾನ, ಕ್ಯಾಲೆಂಡರಿಗೆ 2 ಜಿಬಿಯ ಪೈ 4 ಧಾರಾಳ. 1 ಜಿಬಿಯ ಪೈ 3 ಕೂಡ ತಳ್ಳಿಕೊಂಡು ಹೋಗುತ್ತದೆ. ಮೊದಲ ತಲೆಮಾರಿನ ಪೈ ಝೀರೋದಲ್ಲಿ ಎಲೆಕ್ಟ್ರಾನ್ ಓಡುವುದೇ ಇಲ್ಲ, ಅದರ ಪ್ರಾಸೆಸರ್ ಅಷ್ಟು ಹಳೆಯದು. ಪೈ 5 ತಂದರೆ 5 ವೋಲ್ಟ್ 5 ಆಂಪಿಯರಿನ ಅಡಾಪ್ಟರು, ಫ್ಯಾನು ಎರಡನ್ನೂ ತರುವುದು ಒಳ್ಳೆಯದು. ಮಲಗುವ ಕೋಣೆಯ ಕನ್ನಡಿಯೊಳಗೆ ಫ್ಯಾನಿನ ಸದ್ದು ಯಾರಿಗೆ ಬೇಕು? ದುಡ್ಡು ಸುರಿಯಬೇಕಾದ ಜಾಗ ಅಡಾಪ್ಟರ್. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್. ಫೋನಿನ ಚಾರ್ಜರಿಗೆ ತೆಳ್ಳಗಿನ ಉದ್ದ ಕೇಬಲ್ ಸಿಕ್ಕಿಸಿದರೆ ದಾರಿಯಲ್ಲೇ ವೋಲ್ಟ್ ಇಳಿದು ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತದೆ. ಅದನ್ನು ಸೆಟ್ಟಿಂಗ್‌ನಲ್ಲಿ ಅಡಗಿಸುವವರನ್ನು ಕಂಡಿದ್ದೇನೆ, ಜ್ವರ ಬಂತೆಂದು ಥರ್ಮಾಮೀಟರ್ ಒಡೆದ ಹಾಗೆ. ಮೆಮೊರಿ ಕಾರ್ಡ್ ಕೆಡುವುದಕ್ಕೂ ಇದೊಂದು ಕಾರಣ, ಜೊತೆಗೆ ಕೆಲಸ ಮುಗಿಯುವ ಮೊದಲೇ ಪ್ಲಗ್ ಕೀಳುವುದು.

ಪೈ ಅನ್ನು ಮಾನಿಟರಿನ ಲೋಹದ ಬೆನ್ನಿಗೆ ಅಂಟಿಸಿದರೆ ವೈಫೈ ಕುಂಟುತ್ತದೆ, ಫ್ರೇಮಿನ ಅಂಚಿನತ್ತ ತನ್ನಿ. ಕೆಳಗೂ ಮೇಲೂ ಗಾಳಿಗೆ ಸಾಲು ತೂತು ಇರಲಿ, ಮೇಲೆ ಮಾತ್ರ ಕೊರೆದರೆ ಸಾಲದು, ಬಿಸಿ ಗಾಳಿ ಹೊರಡಲು ತಣ್ಣನೆಯದು ಒಳಬರಬೇಕಲ್ಲ. ಹಿಂಬದಿಯ ಹಲಗೆಗೆ ಮೊಳೆ ಬೇಡ, ಸ್ಕ್ರೂ ಹಾಕಿ. ಅದನ್ನು ತೆಗೆಯುವ ದಿನ ಬಂದೇ ಬರುತ್ತದೆ.

ಗೆಳೆಯನ ಕನ್ನಡಿಯ ಹಲಗೆಯನ್ನು ಅವತ್ತೇ ತೆಗೆದೆವು. ಹೊಸ ಪ್ಯಾನೆಲ್ ಬೇಕಾಗಲಿಲ್ಲ. ಬ್ಯಾಕ್‌ಲೈಟ್, ಅಂದರೆ ಪ್ಯಾನೆಲ್ಲಿನ ಹಿಂದಿನ ದೀಪ, ನೂರಕ್ಕೆ 100ರಲ್ಲಿ ಉರಿಯುತ್ತಿತ್ತು. ಬ್ಯಾಕ್‌ಲೈಟ್ ಇಳಿಸಿದರೆ ಅಕ್ಷರದ ಜೊತೆಗೆ ಸೋರುವ ಬೂದೂ ಅಷ್ಟೇ ಪಾಲು ಇಳಿಯುತ್ತದೆ, ಕತ್ತಲಲ್ಲಿ ಅಕ್ಷರ ಓದಲು ಅಷ್ಟು ಬೆಳಕೂ ಬೇಡ. ಡಿಡಿಸಿಯುಟಿಲ್ ಅನ್ನುವ ಪುಟ್ಟ ಪ್ರೋಗ್ರಾಂ ಎಚ್‌ಡಿಎಂಐ ಕೇಬಲ್ಲಿನ ಮೂಲಕವೇ ಮಾನಿಟರಿಗೆ ಬೆಳಕು ತಗ್ಗಿಸಲು ಹೇಳುತ್ತದೆ, ಮಾನಿಟರ್ ಕೇಬಲ್ಲಿನಲ್ಲಿ ಬರುವ ಈ ಆಜ್ಞೆ (ಡಿಡಿಸಿ) ಕೇಳುವಂಥದ್ದಾಗಿರಬೇಕು. ರಾತ್ರಿ ಹತ್ತಕ್ಕೆ 10, ಬೆಳಿಗ್ಗೆ ಆರಕ್ಕೆ 80 ಅಂತ, ಹೊತ್ತಿಗೆ ಸರಿಯಾಗಿ ಆಜ್ಞೆ ಓಡಿಸುವ ಕ್ರಾನ್‌ನಲ್ಲಿ ಎರಡು ಸಾಲು ಬರೆದದ್ದಾಯಿತು. ಎಡ ಮೂಲೆಯ ಬಿಳಿಗೆ ಕಾರಣ ಅಲ್ಲಿನ ಕ್ಲಿಪ್ಪು, ಪ್ಯಾನೆಲ್ಲನ್ನು ಬಿಗಿಯಾಗಿ ಒತ್ತುತ್ತಿತ್ತು. ಸ್ಕ್ರೂ ಅರ್ಧ ಸುತ್ತು ಸಡಿಲಿಸಿದಾಗ ಬಹುಪಾಲು ಹೋಯಿತು. ಪಿಐಆರ್‌ಗೆ ಕೆಳಪಟ್ಟಿಯಲ್ಲಿ ತೂತು ಬಿತ್ತು. ಬಾಗಿದ ಅಕ್ರಿಲಿಕ್ ಮಾತ್ರ ಹಾಗೇ ಇದೆ, ಅದಕ್ಕೆ ಗಾಜೇ ಬರಬೇಕು.

ಲೈಟ್ ಆರಿಸಿ ಅಮ್ಮನನ್ನು ಕರೆದೆವು. ಸ್ವಲ್ಪ ಹೊತ್ತು ನಿಂತು ನೋಡಿ, "ಹ್ಞೂಂ, ಕಿಟಕಿ ಹಾಕ್ಕೊಂಡಿದೆ. ಮುಖ ಯಾವಾಗ ನೆಟ್ಟಗಾಗೋದು?" ಅಂದರು.

ಅವನು ಅಷ್ಟರಲ್ಲಿ ಫೋನ್ ಹಿಡಿದು 16 ಜಿಬಿಯ ಪೈ 5 ನೋಡುತ್ತಿದ್ದ.