ಸೀಟ್ ಕವರ್ ಸಂದಿಯ ಬಕಲ್

ಬೆಳಿಗ್ಗೆ ಹುಬ್ಬಳ್ಳಿಯಿಂದ ವಿಮಾನದಲ್ಲಿ ಬಂದೆ. ಗಗನಸಖಿ ನೋಡೋಕೆ ಮೊದಲೇ ಬೆಲ್ಟ್ ಟಕ್ ಅಂತ ಹಾಕಿ ಕೂತಿದ್ದೆ, ಒಳ್ಳೆ ಹುಡುಗನ ಥರ.

ದೇವನಹಳ್ಳಿಯಲ್ಲಿ ಇಳಿದು ಟ್ಯಾಕ್ಸಿ ಹತ್ತಿದೆ. ಹಿಂದಿನ ಸೀಟಲ್ಲಿ ಪಟ್ಟಿ ಇದೆ, ಸಿಕ್ಕಿಸೋ ಬಕಲ್ ಕಾಣಲ್ಲ. ಸೀಟ್ ಕವರ್ ಸಂದಿಗೆ ಕೈ ಹಾಕಿ ತಡಕಾಡಿದೆ. ಸಿಕ್ಕಿದ್ದು ಕಡ್ಲೆಕಾಯಿ ಸಿಪ್ಪೆ, ಒಂದು ರೂಪಾಯಿ ನಾಣ್ಯ.

"ಹಿಂದೆ ಕೂತೋರಿಗೆ ಬೇಡ ಬಿಡಿ ಸಾರ್, ಪೊಲೀಸ್ನೋರು ಏನೂ ಕೇಳಲ್ಲ" ಅಂದ್ರು ಡ್ರೈವರಣ್ಣ.

ಕೇಳಲ್ಲ, ಸರಿ. (ಕಾನೂನು ಕೇಳುತ್ತೆ, 1000 ರೂಪಾಯಿ ದಂಡ.) ಆದ್ರೆ ವಿಮಾನದ ಬೆಲ್ಟ್ ಸೊಂಟಕ್ಕೆ ಮಾತ್ರ, ಹೆಚ್ಚಾಗಿ ಗಾಳಿಯ ಕುಲುಕಾಟಕ್ಕೆ ತಲೆ ಮೇಲಕ್ಕೆ ಬಡೀದಿರಲಿ ಅಂತ. ಕಾರಿಗೆ ಎದುರು ಲಾರಿ ಇರುತ್ತೆ, ಡಿವೈಡರ್ ಇರುತ್ತೆ, ಅಡ್ಡ ಬರೋ ನಾಯಿ ಇರುತ್ತೆ. ಅದಕ್ಕೇ ಹೆಗಲ ಮೇಲಿಂದ ಬರೋ ಪಟ್ಟಿ. ವೋಲ್ವೋ ಕಾರ್ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ಕೊಟ್ಟಿದ್ದು. 60 ಕಿಲೋಮೀಟರ್ ವೇಗದಲ್ಲಿ ಗುದ್ದಿದ್ರೆ 14 ಮೀಟರ್ ಎತ್ತರದಿಂದ ಬಿದ್ದ ಲೆಕ್ಕ. ನಮ್ಮನೆ ನಾಲ್ಕನೇ ಮಹಡಿ ಬಾಲ್ಕನಿ ನೆನಪಾಯ್ತು.

ಹೆಬ್ಬಾಳ ಬರೋ ಹೊತ್ತಿಗೆ ಬಕಲ್ ಸಿಕ್ತು. ಕವರ್ ಹೊಲಿಗೆ ಒಂಚೂರು ಬಿಡ್ತು. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿದ್ರು, ಏನೂ ಅನ್ನಲಿಲ್ಲ.