ಈಗ ಕಂಪ್ಯೂಟರ್ ಯಾರಿಗೆ ಬೇಕು ಸಾರ್?

ಮದುವೆ ಮನೆಯಲ್ಲಿ ಊಟಕ್ಕೆ ಕೂತಿರುತ್ತೇನೆ. ಪಕ್ಕದ ಎಲೆಯವರು ಏನು ಕೆಲಸ ಎಂದು ವಿಚಾರಿಸುತ್ತಾರೆ. ಹಾಸನದಲ್ಲಿ ಕಂಪ್ಯೂಟರ್ ಅಂಗಡಿ, ಮಾರಾಟ, ರಿಪೇರಿ ಎರಡೂ ಉಂಟು ಎನ್ನುತ್ತೇನೆ. ಕೋಸಂಬರಿ ಬಡಿಸುವವನು ಮುಂದಿನ ಎಲೆಗೆ ಹೋಗುವಷ್ಟರಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ: "ಈಗೆಲ್ಲ ಮೊಬೈಲ್ ಅಲ್ವಾ? ಕಂಪ್ಯೂಟರ್ ಯಾರಿಗೆ ಬೇಕು ಸಾರ್?" ದನಿಯಲ್ಲಿ ಸ್ವಲ್ಪ ಕನಿಕರವೂ ಇರುತ್ತದೆ. ಎಸ್‌ಟಿಡಿ ಬೂತ್ ಇಟ್ಟಿದ್ದವರನ್ನು ಮಾತಾಡಿಸುವ ಹಾಗೆ.

ಹೋಳಿಗೆ ಬರುವುದರೊಳಗೆ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಪ್ಪಿಕೊಂಡುಬಿಡುತ್ತೇನೆ. "ಮನೆಗೆ ಒಂದು ಕಂಪ್ಯೂಟರ್ ಬೇಕಿತ್ತು" ಎಂದು ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಅಂಗಡಿ ಮೆಟ್ಟಿಲು ಹತ್ತುವ ಕಾಲ ಹೋಯಿತು. 2004ರ ಸುಮಾರಿಗೆ ಅದೇ ನನ್ನ ಮುಖ್ಯ ವ್ಯಾಪಾರ. ಬೆಳಗಿನ ಜಾವದ ಬಸ್ ಹಿಡಿದು ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡಿನಲ್ಲಿ ಮದರ್‌ಬೋರ್ಡ್, ರ್‍ಯಾಮ್, ಕ್ಯಾಬಿನೆಟ್ ಎಲ್ಲ ಚೌಕಾಸಿ ಮಾಡಿ, ರಟ್ಟಿನ ಪೆಟ್ಟಿಗೆಗಳನ್ನು ಹಗ್ಗದಲ್ಲಿ ಕಟ್ಟಿಸಿಕೊಂಡು ರಾತ್ರಿ ವಾಪಸ್ ಬರುತ್ತಿದ್ದೆ. 256 ಎಂಬಿ ರ್‍ಯಾಮ್, 40 ಜಿಬಿ ಹಾರ್ಡ್ ಡಿಸ್ಕ್, ಹಿಂದೆ ಬೆನ್ನು ಉಬ್ಬಿದ 15 ಇಂಚಿನ ಮಾನಿಟರ್. ಮಾನಿಟರನ್ನು ಮಾತ್ರ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಕಾಲು ಜೋಮು ಹಿಡಿದು ಚನ್ನರಾಯಪಟ್ಟಣದಲ್ಲಿ ಇಳಿದು ಝಾಡಿಸಬೇಕಾಗುತ್ತಿತ್ತು.

ಅದನ್ನು ಮನೆಗೆ ಒಯ್ದು ಜೋಡಿಸುವುದೇ ಒಂದು ಗೃಹಪ್ರವೇಶ. ಸಿಪಿಯುಗೆ ಅರಿಶಿನ ಕುಂಕುಮ, ಮೇಲೆ ಎರಡು ಸೇವಂತಿಗೆ. ಕಾಯಿ ಒಡೆಯುವಾಗ ನೀರು ಕೀಬೋರ್ಡಿನ ಮೇಲೆ ಹಾರದಿರಲಿ ಎಂದು ನಾನು ಕೈ ಅಡ್ಡ ಹಿಡಿಯುತ್ತಿದ್ದೆ. ಮೊದಲ ಹಾಡು ಯಾವಾಗಲೂ ಗಣಪತಿಯದು. ಆಮೇಲೆ ಅಜ್ಜಿ ಹೊಲಿದ ಝಾಲರಿನ ಬಟ್ಟೆ ಕವರ್ ಹೊದಿಸುತ್ತಿದ್ದರು. ಮೂರು ತಿಂಗಳಿಗೆ ಫೋನ್ ಬರುತ್ತಿತ್ತು, "ಮೌಸ್ ಓಡ್ತಾ ಇಲ್ಲ" ಎಂದು. ಹೋಗಿ ಮೌಸಿನ ಹೊಟ್ಟೆ ತಿರುಗಿಸಿ, ಗುಂಡು ತೆಗೆದು, ಒಳಗಿನ ಪುಟ್ಟ ಉರುಳೆಗಳಿಗೆ ಸುತ್ತಿಕೊಂಡ ಕೊಳೆಯನ್ನು ಉಗುರಿನಲ್ಲಿ ಕೆರೆದು ಕೊಡುತ್ತಿದ್ದೆ. ಅದಕ್ಕೆ ದುಡ್ಡಿಲ್ಲ, ಕಾಫಿ ಮಾತ್ರ.

ಆ ಮನೆಗಳಲ್ಲಿ ಕಂಪ್ಯೂಟರಿನಿಂದ ಏನು ನಡೆಯುತ್ತಿತ್ತು? ಹಾಡು ಕೇಳುವುದು, ಸಿಡಿಯಲ್ಲಿ ಸಿನಿಮಾ, ಮದುವೆ ಫೋಟೊ, ಇಸ್ಪೀಟು. ಇಂಟರ್‌ನೆಟ್ ಬಂದ ಮೇಲೆ ಎಸ್ಸೆಸ್ಸೆಲ್ಸಿ ರಿಸಲ್ಟ್, ರೈಲ್ವೆ ಟಿಕೆಟ್, ಅಮೆರಿಕದಲ್ಲಿರುವ ಮಗನ ಮುಖ. ಈ ಪಟ್ಟಿಯಲ್ಲಿ ಒಂದಕ್ಕೂ ಈಗ ಕಂಪ್ಯೂಟರ್ ಬೇಡ. ಅವರಿಗೆ ಆಸಕ್ತಿ ಇದ್ದದ್ದು ಹಾಡಿನ ಮೇಲೆ, ಮಗನ ಮುಖದ ಮೇಲೆ. ಅವು ಮೊಬೈಲಿಗೆ ಹೋದವು, ಇವರೂ ಹಿಂದೆ ಹೋದರು. ಇದರಲ್ಲಿ ದುಃಖಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಇನ್ನೊಂದು ಮಾತು. ಆಸಕ್ತಿ ಆರುತ್ತಿದೆಯಾ ಎಂದು ಕೇಳುವಾಗ ಎಲ್ಲರ ಮನೆಯಲ್ಲೂ ಒಮ್ಮೆ ದೀಪ ಹತ್ತಿತ್ತು ಎಂದುಕೊಂಡಿರುತ್ತೇವೆ. ಹಾಗೇನೂ ಇರಲಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 4 ಮನೆಗಳಲ್ಲಿ, ಪೇಟೆಗಳಲ್ಲಿ ಸುಮಾರು 23 ಮನೆಗಳಲ್ಲಿ ಮಾತ್ರ ಕಂಪ್ಯೂಟರ್ ಇತ್ತು. ನಮ್ಮ ಜನ ಕಂಪ್ಯೂಟರ್ ಬಳಸಿದ್ದು ಹೆಚ್ಚಾಗಿ ಬೇರೆಯವರ ಬೆರಳಿನಿಂದ. 'ಭೂಮಿ' ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿದಾಗ ರೈತರು ತಾಲ್ಲೂಕು ಕಚೇರಿಯ ಕಿಟಕಿಯ ಈಚೆ ನಿಂತರು, ಕಂಪ್ಯೂಟರ್ ಆಚೆ ಇತ್ತು. ಲಗ್ನಪತ್ರಿಕೆಗೆ ಡಿಟಿಪಿ ಹುಡುಗ, ಅರ್ಜಿ ತುಂಬಲು ಸೈಬರ್ ಸೆಂಟರಿನ ಹುಡುಗಿ, ಈಗ ಗ್ರಾಮ ಒನ್. ಎಲ್ಲ ಕಡೆಯೂ ನಾವು ಬೆನ್ನ ಹಿಂದೆ ನಿಂತು "ಅಲ್ಲ ಅಲ್ಲ, ಶ ಅಲ್ಲ, ಷ, ಹೊಟ್ಟೆ ಸೀಳಿದ ಷ" ಎಂದು ಹೇಳಿಕೊಡುವವರು.

ಮನೆಯಲ್ಲಿದ್ದ ಕಂಪ್ಯೂಟರೂ 'ಪರ್ಸನಲ್' ಆಗಿರಲಿಲ್ಲ ಬಿಡಿ. ಹಾಲ್‌ನಲ್ಲಿ ಇರುತ್ತಿತ್ತು. ಪಾಸ್‌ವರ್ಡ್ ಓಣಿಗೆಲ್ಲ ಗೊತ್ತಿರುತ್ತಿತ್ತು. ನಿಜವಾಗಿ ಪರ್ಸನಲ್ ಆದದ್ದು ಮೊಬೈಲ್. ಹೆಂಡತಿ ಗಂಡನದನ್ನು ಮುಟ್ಟುವುದಿಲ್ಲ, ಮಗ ಅಪ್ಪನಿಗೆ ತೋರಿಸುವುದಿಲ್ಲ.

ಇದು ಹೀಗಾಗಬಹುದು ಎಂದು ಬೆಂಗಳೂರಿನ ಕೆಲವರಿಗೆ ಮೊದಲೇ ಹೊಳೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲಿ 'ಸಿಂಪ್ಯೂಟರ್' ತೋರಿಸಿದರು. ಅಂಗೈಯಲ್ಲಿ ಹಿಡಿಯುವ, ಕಡ್ಡಿಯಿಂದ ಮುಟ್ಟಿ ನಡೆಸುವ, ಓದು ಬಾರದವರಿಗೂ ದಕ್ಕಬೇಕೆಂದು ಮಾಡಿದ ಯಂತ್ರ. ಐಫೋನ್ ಬಂದದ್ದು 2007ರಲ್ಲಿ, ನೆನಪಿರಲಿ. 2004ರಲ್ಲಿ ಅದು 'ಅಮಿಡಾ' ಹೆಸರಿನಲ್ಲಿ ಅಂಗಡಿಗೂ ಬಂತು, ತಯಾರಿಸಿದ್ದು ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಲ್. ಓಡಲಿಲ್ಲ. ಕೈಯಲ್ಲಿ ಕಂಪ್ಯೂಟರ್ ಹಿಡಿದ ಜನಕ್ಕೆ ಬೇಕಾದ ಅಗ್ಗದ ಡೇಟಾ ಇನ್ನೂ ಬಂದಿರಲಿಲ್ಲ. ಅದಕ್ಕೆ ಜಿಯೋ ಬಂದ 2016ರವರೆಗೆ ಕಾಯಬೇಕಾಯಿತು.

ಕನ್ನಡದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಉತ್ತರದ ಅರ್ಧ ಇಲ್ಲೇ ಇದೆ. ನನ್ನ ಅಮ್ಮ ಕಂಪ್ಯೂಟರ್ ಅಂಗಡಿಯವನ ತಾಯಿ. ಹದಿನೈದು ವರ್ಷ ಮನೆಯಲ್ಲಿ ಕಂಪ್ಯೂಟರ್ ಇದ್ದರೂ ಅದರ ಧೂಳು ಒರೆಸಿದ್ದು ಬಿಟ್ಟರೆ ಮುಟ್ಟಲಿಲ್ಲ. ಅದು ಅವರ ಜೊತೆ ಕನ್ನಡದಲ್ಲಿ ಮಾತಾಡಲೇ ಇಲ್ಲ. ಕನ್ನಡ ಬೇಕೆಂದರೆ 'ಬರಹ' ಎಂಬ ಟೈಪಿಂಗ್ ತಂತ್ರಾಂಶ ಹಾಕಬೇಕು, ಇಲ್ಲವೇ 'ನುಡಿ' ಹಾಕಬೇಕು, ಫಾಂಟ್ ಹಾಕಬೇಕು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಇತ್ತು ಎಂದು ಎಷ್ಟು ಜನಕ್ಕೆ ಗೊತ್ತಿತ್ತು? ಮೊಬೈಲ್ ಬಂದ ಮೇಲೆ ಅಮ್ಮ ಬೆರಳಲ್ಲೇ ತಿದ್ದಿ ಕನ್ನಡ ಬರೆದರು. ಆಮೇಲೆ ಮೈಕ್ ಒತ್ತಿ ಹೇಳುವುದನ್ನು ಕಲಿತರು. ಈಗ ಬೆಳಿಗ್ಗೆ ಐದಕ್ಕೆ ಅವರ ಶುಭೋದಯಕ್ಕೇ ನನಗೆ ಎಚ್ಚರವಾಗುವುದು. ಅಮ್ಮನಿಗೆ ಕಂಪ್ಯೂಟರ್ ಮೇಲೆ ಆಸಕ್ತಿ ಹೋಯಿತು ಎನ್ನಲು ಆಗುತ್ತದಾ? ಕಂಪ್ಯೂಟರಿಗೇ ಅವರ ಮೇಲೆ ಆಸಕ್ತಿ ಇರಲಿಲ್ಲ.

ಹಾಗಾದರೆ ಅಂಗಡಿ ಹೇಗೆ ನಡೆಯುತ್ತದೆ ಎಂದು ಪಕ್ಕದ ಎಲೆಯವರು ಕೇಳುತ್ತಾರೆ. ನಡೆಯುತ್ತದೆ. 2020ರ ಲಾಕ್‌ಡೌನ್ ನೋಡಿ. ಆನ್‌ಲೈನ್ ಕ್ಲಾಸಿಗೆ, ಮನೆಯಿಂದ ಕೆಲಸಕ್ಕೆ ಎಂದು ಲ್ಯಾಪ್‌ಟಾಪ್ ಸಿಗದೆ ಜನ ಹಳೇ ಡಬ್ಬಗಳನ್ನೂ ಕೊಂಡುಹೋದರು. 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಕೋಟಿ ಪಿಸಿಗಳು ಮಾರುಕಟ್ಟೆಗೆ ಹೋದವು. 2023ಕ್ಕೆ ಅದು 26 ಕೋಟಿಗೆ ಇಳಿಯಿತು. ಪತ್ರಿಕೆಗಳಲ್ಲಿ 'ಪಿಸಿ ಯುಗ ಮುಗಿಯಿತು' ಎಂದು ಬರುವುದು ಇಂಥ ಇಳಿತ ನೋಡಿಯೇ. ಆದರೆ ಕೊಂಡವರು ಮೂರೇ ವರ್ಷಕ್ಕೆ ಮತ್ತೆ ಯಾಕೆ ಕೊಳ್ಳುತ್ತಾರೆ? ಈಗಿನ ಯಂತ್ರಗಳು ಬೇಗ ಸಾಯುವುದಿಲ್ಲ. ಹತ್ತು ವರ್ಷದ ಕಂಪ್ಯೂಟರ್ ತಂದರೆ ಹಾರ್ಡ್ ಡಿಸ್ಕ್ ತೆಗೆದು, ಅದರ ಜಾಗಕ್ಕೆ ತಿರುಗುವ ತಟ್ಟೆಯಿಲ್ಲದ, ಚಿಪ್ಪಿನಲ್ಲೇ ಎಲ್ಲ ಇಟ್ಟುಕೊಳ್ಳುವ ಒಂದು ಎಸ್‌ಎಸ್‌ಡಿ ಹಾಕುತ್ತೇನೆ. ಆನ್ ಆಗುವಷ್ಟರಲ್ಲಿ ಟೀ ಕುಡಿದು ಬರಬಹುದಾಗಿದ್ದ ಡಬ್ಬ ಅರ್ಧ ನಿಮಿಷದಲ್ಲಿ ಏಳುತ್ತದೆ. ಗಿರಾಕಿಗೆ ಖುಷಿ, ಕಂಪನಿಗೆ ಒಂದು ಮಾರಾಟ ಖೋತಾ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ ನಿಂತುಹೋಯಿತಲ್ಲ, ಆಗ ನೋಡಬೇಕಿತ್ತು ಅಂಗಡಿ. ಆಡಿಟರ್ ಆಫೀಸಿನವರು, ಫೋಟೊ ಸ್ಟುಡಿಯೋದವರು, ಕಾಫಿ ಎಸ್ಟೇಟಿನ ರೈಟರ್‌ಗಳು, ಟ್ಯಾಲಿ ಕ್ಲಾಸ್ ನಡೆಸುವ ಮೇಡಂ, ಎಲ್ಲರೂ ನಮ್ಮದಕ್ಕೆ ವಿಂಡೋಸ್ 11 ಹಾಕಬಹುದಾ ಎಂಬ ಒಂದೇ ಪ್ರಶ್ನೆ ಹಿಡಿದು ಬಂದರು. ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಇದ್ದರೆ ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಪ್ರವೇಶ ಇಲ್ಲ. ಚೆನ್ನಾಗಿ ಓಡುತ್ತಿರುವ ಎತ್ತನ್ನು ಹಲ್ಲು ಎಣಿಸಿ ಸಂತೆಗೆ ಬೇಡ ಅಂದ ಹಾಗೆ. ಕೆಲವರಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟೆ. ಇಬ್ಬರು ವಾಪಸ್ ತಂದರು, ಉಳಿದವರು ಸುಮ್ನೆ ಬಳಸುತ್ತಿದ್ದಾರೆ. ಇವರ್ಯಾರೂ ಕಂಪ್ಯೂಟರಿನ ಅಭಿಮಾನಿಗಳಲ್ಲ. ಅದಿಲ್ಲದೆ ಇವರಿಗೆ ಸೋಮವಾರ ಶುರುವಾಗುವುದಿಲ್ಲ, ಅಷ್ಟೇ.

ನನಗೆ ಬೇಸರ ಆಗುವುದು ಬೇರೆ ಕಡೆ. ಮೊನ್ನೆ ಒಬ್ಬ ಡಿಗ್ರಿ ಹುಡುಗ ಪ್ರಿಂಟಿಗೆ ಬಂದ. ನಲವತ್ತೆರಡು ಪುಟದ ಪ್ರಾಜೆಕ್ಟ್ ರಿಪೋರ್ಟ್, ಪೂರ್ತಿ ಮೊಬೈಲಿನಲ್ಲೇ ಹೆಬ್ಬೆರಳಲ್ಲಿ ಟೈಪ್ ಮಾಡಿದ್ದ. ಅವನ ತಾಳ್ಮೆಗೆ ಕೈ ಮುಗಿಯಬೇಕು. ಆದರೆ ಕೋಷ್ಟಕಗಳು ಪುಟದಿಂದ ಹೊರಗೆ ಹೋಗಿದ್ದವು. ಸರಿ ಮಾಡೋಣ, ಫೈಲ್ ಎಲ್ಲಿದೆ ಎಂದೆ. "ವಾಟ್ಸಾಪಲ್ಲಿದೆ ಅಣ್ಣ" ಎಂದ. ವಾಟ್ಸಾಪಿನಲ್ಲಿ ಎಲ್ಲಿ? "ನನಗೆ ನಾನೇ ಕಳಿಸ್ಕೊಂಡಿದೀನಿ." ಹದಿನೇಳು ಸಲ ಕಳಿಸಿಕೊಂಡಿದ್ದ. ಯಾವುದು ಕೊನೆಯದು ಎಂದು ಇಬ್ಬರೂ ಸೇರಿ ಹುಡುಕಿದೆವು. ಒಂದು ಫೋಲ್ಡರ್ ಮಾಡಿ ಅದರೊಳಗೆ ಇಡಬಹುದು ಎಂದು ತೋರಿಸಿದಾಗ ಅವನು ಕಣ್ಣರಳಿಸಿದ. ಡಿಗ್ರಿ ಮೂರನೇ ವರ್ಷ. ಅವನ ತಪ್ಪೇನಿಲ್ಲ, ಯಾರೂ ತೋರಿಸಿರಲಿಲ್ಲ. ನಾವೆಲ್ಲ ಚಪ್ಪಲಿ ಬಿಟ್ಟು ಕಂಪ್ಯೂಟರ್ ಲ್ಯಾಬಿಗೆ ಹೋಗಿ ಒಂದು ಡಬ್ಬಕ್ಕೆ ನಾಲ್ಕು ಜನ ಕೂತು ಕಲಿತದ್ದು ಇಷ್ಟನ್ನೇ: ಇದು ನೀನು ಮಾಡಿದ್ದು, ಇದನ್ನು ಇಲ್ಲಿ ಇಟ್ಟಿದ್ದೀಯ, ನಾಳೆ ಬಂದು ಮುಂದುವರಿಸು.

ಅದೇ ವಾರ ಇನ್ನೊಬ್ಬ. ಪಿಯುಸಿ ಹುಡುಗ. ಪ್ರತಿ ಶನಿವಾರ ಬರುತ್ತಾನೆ. ಪಕ್ಕಕ್ಕೆ ಗಾಜು ಇರುವ ಕ್ಯಾಬಿನೆಟ್, ಒಳಗೆ ಬಣ್ಣದ ದೀಪ, ಗ್ರಾಫಿಕ್ಸ್ ಕಾರ್ಡ್ ಬೇಕು. ಯಾವ ಬೋರ್ಡಿಗೆ ಯಾವ ರ್‍ಯಾಮ್ ಒಪ್ಪುತ್ತದೆ, ಎಷ್ಟು ವ್ಯಾಟಿನ ಪವರ್ ಸಪ್ಲೈ ಬೇಕು, ಎಲ್ಲ ನನಗಿಂತ ಚೆನ್ನಾಗಿ ಹೇಳುತ್ತಾನೆ. 2004ರಲ್ಲಿ ಒಂದೇ ಒಂದು ಮನೆಯವರೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಆಗ ಕೊಂಡವರು ಜಾಸ್ತಿ, ಆಸಕ್ತಿ ಇದ್ದವರು ಕಡಿಮೆ. ಈಗ ಉಲ್ಟಾ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ, ಆದರೆ ಬಂದವರು ತಿಳಿದುಕೊಂಡೇ ಬರುತ್ತಾರೆ.

ಈ ಹುಡುಗನ ಕಂಪ್ಯೂಟರ್ ಇನ್ನೂ ಆಗಿಲ್ಲ. ಅವನು ದುಡ್ಡು ಕೂಡಿಸುತ್ತಾನೆ, ರ್‍ಯಾಮ್ ಬೆಲೆ ಏರುತ್ತದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಸುರಿದು ನಮ್ಮಂಥವರಿಗೆ ತಟ್ಟೆಯ ಅಂಚಿನದು ಉಳಿದಿದೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ತನ್ನ 'ಕ್ರೂಷಿಯಲ್' ಬ್ರ್ಯಾಂಡನ್ನು, ಅಂದರೆ ನನ್ನಂಥ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತಿದ್ದ ರ್‍ಯಾಮ್, ಎಸ್‌ಎಸ್‌ಡಿ ವ್ಯಾಪಾರವನ್ನು, ನಿಲ್ಲಿಸುವುದಾಗಿ ಹೇಳಿತು. ಹಿಂದಕ್ಕೆ ನೋಡಿದರೆ ಇದು ಹೊಸದಲ್ಲ. 1981ರಲ್ಲಿ ಪಿಸಿಗೆ ಹೆಸರು ತಂದುಕೊಟ್ಟ ಐಬಿಎಂ 2005ರಲ್ಲಿ ಆ ವ್ಯಾಪಾರವನ್ನು ಲೆನೊವೊಗೆ ಕೊಟ್ಟು ಕೈ ತೊಳೆದುಕೊಂಡಿತು. ನಮ್ಮ ವಿಪ್ರೋ 2013ರಲ್ಲಿ ಪಿಸಿ ಮಾಡುವುದನ್ನು ಬಿಟ್ಟಿತು. 2014ರಲ್ಲಿ ಸೋನಿ ತನ್ನ 'ವಯೋ' ಕಂಪ್ಯೂಟರ್ ವ್ಯಾಪಾರ ಮಾರಿತು. ಅಲ್ಲ, ಆಸಕ್ತಿ ಯಾರಿಗೆ ಹೋಯಿತು ಎಂದು ನನ್ನನ್ನು ಯಾಕೆ ಕೇಳುತ್ತೀರಿ? ಲಾಭ ಇನ್ನೆಲ್ಲೋ ಇದೆ ಎಂದು ಎದ್ದು ಹೋದವರನ್ನು ಕೇಳಬೇಕಲ್ವಾ?

ಈ ಪ್ರಶ್ನೆಯನ್ನು ತಪ್ಪದೆ ಕೇಳುವವರಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಬ್ಬರು. "ಇನ್ನೂ ಬಾಗಿಲು ಹಾಕಿಲ್ವೇನಯ್ಯ?" ಎಂದೇ ಒಳಗೆ ಬರುತ್ತಾರೆ. ಅವರು ಕಳೆದ ತಿಂಗಳು ಹಳೇ ಹಾರ್ಡ್ ಡಿಸ್ಕ್ ಒಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಅಗಲ ಪಟ್ಟಿಯ ಕೇಬಲಿನದು, 2006ರದ್ದು. ಅದರಲ್ಲಿ ಅವರು ನುಡಿಯಲ್ಲಿ ಬರೆದಿಟ್ಟ ಹತ್ತೋ ಹನ್ನೆರಡೋ ಕಥೆಗಳಿದ್ದವು. ಮೊಮ್ಮಗಳಿಗೆ ವಾಟ್ಸಾಪಿನಲ್ಲಿ ಕಳಿಸಬೇಕಂತೆ. ಅಡಾಪ್ಟರ್ ಹುಡುಕಿ ಸಿಕ್ಕಿಸಿದೆ. ಎರಡು ಸಲ ಕಟಕಟ ಅಂದು ಮೂರನೇ ಸಲಕ್ಕೆ ತಿರುಗಿತು. ಹಳೇ ಅಕ್ಷರಗಳನ್ನು ಈಗಿನ ಎಲ್ಲ ಯಂತ್ರಗಳೂ ಓದುವ ಯೂನಿಕೋಡಿಗೆ ತಿರುಗಿಸಿ ಅವರ ಮೊಬೈಲಿಗೆ ಹಾಕಿದೆ. ಮೇಷ್ಟ್ರು ಕನ್ನಡಕ ಮೇಲೆ ಸರಿಸಿ ನಿಂತಲ್ಲೇ ಓದಿದರು. ಓದುತ್ತಾ ಹುಬ್ಬು ಗಂಟಾಯಿತು. "ಇಲ್ಲಿ ಒತ್ತಕ್ಷರ ಹಾರಿಹೋಗಿದೆ. ಇಲ್ಲೂ."

ಮೊಬೈಲಿನಲ್ಲೇ ತಿದ್ದಲು ನೋಡಿದರು. ಬೆರಳು ದಪ್ಪ, ಗೆರೆ ಸಣ್ಣ. ಕರ್ಸರ್ ಬೇಕಾದಲ್ಲಿ ನಿಲ್ಲಲಿಲ್ಲ. ನಾನು ಏನೂ ಹೇಳದೆ ಕೌಂಟರಿನ ಕೀಬೋರ್ಡನ್ನು ಅವರ ಕಡೆ ತಿರುಗಿಸಿ, ಸ್ಟೂಲ್ ಎಳೆದು ಹಾಕಿದೆ. ಕೂತರು. ಒಂದು ಕ್ಷಣ ಕೈ ಗಾಳಿಯಲ್ಲೇ ಇತ್ತು. ಆಮೇಲೆ ಎಡಗೈ ತೋರುಬೆರಳು ತಾನಾಗಿ, ನುಡಿಯಲ್ಲಿ ಒತ್ತಕ್ಷರ ಮೂಡಿಸುವ ಎಫ್ ಮೇಲೆ ಹೋಗಿ ಒತ್ತು ಕೊಟ್ಟಿತು. ಸಂಜೆ ಏಳೂವರೆಗೆ ನಾನು ಶಟರ್ ಅರ್ಧ ಇಳಿಸಿದಾಗ ಮೂರನೇ ಕಥೆಯಲ್ಲಿದ್ದರು.